ಇಂಗ್ಲಿಷ್ ಓದುವ ಮಕ್ಕಳು ಇಂಗ್ಲಿಷ್ ಮಾತನಾಡಲು



ನಮ್ಮ ರಾಜ್ಯದ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007-08ನೆಯ ಸಾಲಿನಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷಾ ವಿಷಯವಾಗಿ ಕಲಿಸಲಾಗುತ್ತಿದೆ. ಎಸ್.ಎಸ್.ಎಲ್.ಸಿ. ಮುಗಿಸುವ ಹೊತ್ತಿಗೆ ಮಗು ಹತ್ತು ವರ್ಷ ಆ ಭಾಷೆಯನ್ನು ಓದಿರುತ್ತದೆ. ಆದರೂ ಪದವಿಪೂರ್ವ ವಿಜ್ಞಾನ ತರಗತಿಯಲ್ಲಿ ಸಂದೇಹ ಕೇಳಬೇಕಾದಾಗ, ಉದ್ಯೋಗದ ಸಂದರ್ಶನದಲ್ಲಿ ಕುಳಿತಾಗ, ಹೋಂಸ್ಟೇಗೆ ಬಂದ ಅತಿಥಿಗೆ ದಾರಿ ತೋರಿಸಬೇಕಾದಾಗ ಬಾಯಿ ಕಟ್ಟುತ್ತದೆ. ವಿಷಯ ಬಲ್ಲ ಮಗು ಮಾತು ಬಾರದ್ದಕ್ಕೆ ಹಿಂದೆ ಸರಿಯುತ್ತದೆ. ಇದೇ ಅಂಜಿಕೆಯಿಂದ ಅನೇಕ ಪೋಷಕರು ಊರಿನ ಕನ್ನಡ ಶಾಲೆಯನ್ನು ಬಿಟ್ಟು, ಸಾಲ ಮಾಡಿಯಾದರೂ ದೂರದ ಇಂಗ್ಲಿಷ್ ಮಾಧ್ಯಮ ಶಾಲೆಯನ್ನು ಅರಸುತ್ತಿದ್ದಾರೆ. ಆದ್ದರಿಂದ ಈ ಮೌನದ ಕಾರಣವನ್ನೂ ಅದನ್ನು ನೀಗುವ ಉಪಾಯವನ್ನೂ ಅರಿಯುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಮೊದಲನೆಯ ಕಾರಣ ಪರೀಕ್ಷೆ. ಎಸ್.ಎಸ್.ಎಲ್.ಸಿ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಪ್ರಶ್ನೆಪತ್ರಿಕೆ ಕೇಳದಿರುವುದನ್ನು ತರಗತಿಯೂ ಕೇಳುವುದಿಲ್ಲ; ಪ್ರಶ್ನೋತ್ತರಗಳ ಕಂಠಪಾಠದಲ್ಲಿಯೇ ವರ್ಷ ಕಳೆಯುತ್ತದೆ. ಎರಡನೆಯದು ಸಮಯದ ಲೆಕ್ಕ. ನಲವತ್ತು ನಿಮಿಷದ ಅವಧಿಯಲ್ಲಿ ಅರ್ಧ ಕಾಲ ಶಿಕ್ಷಕರೇ ಮಾತನಾಡಿದರೆ, ಉಳಿದ ಇಪ್ಪತ್ತು ನಿಮಿಷ ನಲವತ್ತು ಮಕ್ಕಳಿಗೆ ಹಂಚಿಹೋಗಿ ಒಬ್ಬೊಬ್ಬರ ಪಾಲಿಗೆ ಬರುವುದು ಅರ್ಧ ನಿಮಿಷ. ಅದೇ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಹತ್ತು ನಿಮಿಷ ಸಂಭಾಷಣೆಗೆ ಬಿಟ್ಟರೆ ಪ್ರತಿ ಮಗುವಿಗೂ ಐದು ನಿಮಿಷ ಮಾತು ದೊರೆಯುತ್ತದೆ. ಹದಿನೈದು ಮಕ್ಕಳ ಪುಟ್ಟ ಶಾಲೆಯನ್ನು ನಾವು ಕೊರತೆಯೆಂದು ಎಣಿಸುತ್ತೇವೆ. ಮಾತು ಕಲಿಸುವ ವಿಷಯದಲ್ಲಿ ಅದೊಂದು ಅನುಕೂಲ.

ಹೊಸ ಭಾಷೆ ಕಲಿಯುವುದು ಕೊಡಗಿನ ಮಗುವಿಗೆ ಅಪರೂಪದ ಸಾಹಸವಲ್ಲ. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆ ಅನೇಕರಿಗೆ ಕನ್ನಡವೇ ಮನೆಮಾತು. ಆದರೆ ಜಿಲ್ಲೆಯ ಬೇರೆಡೆ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ನುಡಿಗಳನ್ನಾಡುವ ಮಕ್ಕಳು ಕನ್ನಡವನ್ನು ಕೇಳಿ, ಅರೆಬರೆ ಆಡಿ, ತಿದ್ದಿಸಿಕೊಂಡು ಕಲಿಯುತ್ತಾರೆ. ಯಾರೂ ಅವರಿಗೆ ಮೊದಲು ವಿಭಕ್ತಿ ಪ್ರತ್ಯಯ ಕಲಿಸಿ ಆಮೇಲೆ ಮಾತನಾಡಿಸುವುದಿಲ್ಲ. ಇಂಗ್ಲಿಷಿಗೂ ಇದೇ ಕ್ರಮ ಸಲ್ಲುತ್ತದೆ.

ಈ ನೆಲೆಯ ಒಂದು ಮಹತ್ವದ ಪ್ರಯೋಗ ನಡೆದದ್ದು ನಮ್ಮ ದಕ್ಷಿಣ ಭಾರತದಲ್ಲಿಯೇ. ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ 1979ರಿಂದ 1984ರವರೆಗೆ ಕೆಲವು ಶಾಲೆಗಳಲ್ಲಿ ನಡೆಸಿದ ಆ ಯೋಜನೆ ಜಗತ್ತಿನಾದ್ಯಂತ ‘ಬೆಂಗಳೂರು ಯೋಜನೆ’ ಎಂದೇ ಪ್ರಸಿದ್ಧವಾಯಿತು. ಅಲ್ಲಿ ವ್ಯಾಕರಣ ಪಾಠದ ಬದಲಾಗಿ ಮಕ್ಕಳ ಮುಂದೆ ವೇಳಾಪಟ್ಟಿ, ನಕ್ಷೆಗಳಂಥವುಗಳನ್ನಿಟ್ಟು ಸಮಸ್ಯೆಯೊಂದನ್ನು ಒಡ್ಡಲಾಗುತ್ತಿತ್ತು. ಶಿಕ್ಷಕರು ಸಹಜ ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರು. ಉತ್ತರವನ್ನು ಯೋಚಿಸುವುದರಲ್ಲಿ ಮಗ್ನವಾದ ಮನಸ್ಸಿಗೆ ಭಾಷೆ ತಾನಾಗಿ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಅರ್ಥ ಮೊದಲು, ಮಾತು ಅನಂತರ ಎಂಬ ಆ ವಿವೇಕ ಇಂದಿಗೂ ಹಳತಾಗಿಲ್ಲ.

ನಮ್ಮ ಜಿಲ್ಲೆಗೆ ಒಪ್ಪುವ ಒಂದು ಉದಾಹರಣೆಯನ್ನು ನೋಡೋಣ. ಇಲ್ಲಿನ ಕಾಫಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವುದು ವಾಡಿಕೆ. ಇಂಚಿಗೆ ನೂರು ಸೆಂಟು. ತರಗತಿಯ ಇಬ್ಬರು ಮಕ್ಕಳಲ್ಲಿ ಒಬ್ಬರ ಚೀಟಿಯಲ್ಲಿ ಸೋಮವಾರದಿಂದ ಬುಧವಾರದ ಮಳೆ, ಇನ್ನೊಬ್ಬರದರಲ್ಲಿ ಗುರುವಾರದಿಂದ ಶನಿವಾರದ ಮಳೆ ಇರಲಿ. ಪರಸ್ಪರ ಚೀಟಿ ನೋಡದೆ, ಇಂಗ್ಲಿಷಿನಲ್ಲಿಯೇ ಕೇಳಿ ಹೇಳಿ ಆ ಆರು ದಿನಗಳ ಒಟ್ಟು ಮಳೆಯನ್ನು ಕಂಡುಹಿಡಿಯಬೇಕು. ಒಬ್ಬರಿಗೆ ತಿಳಿಯದ್ದು ಇನ್ನೊಬ್ಬರಲ್ಲಿ ಇರುವುದರಿಂದ ಮಾತನಾಡದೆ ಗತ್ಯಂತರವಿಲ್ಲ. ಬಸ್ಸಿನ ವೇಳೆ, ಸಂತೆಯ ದರ, ಕಾಳುಮೆಣಸಿನ ತೂಕ, ಎಲ್ಲವೂ ಇಂತಹ ಪಾಠಗಳಾಗಬಲ್ಲವು.

ಮಾತನಾಡುವಾಗ ತಪ್ಪುಗಳು ಬರುತ್ತವೆ. ಕನ್ನಡದ ಮಾತು ಸಾಮಾನ್ಯವಾಗಿ ಸ್ವರದಲ್ಲಿ ಕೊನೆಗೊಳ್ಳುವುದರಿಂದ ‘ಬಸ್’ ‘ಬಸ್ಸು’ ಆಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇಂಗ್ಲಿಷಿನಲ್ಲಿಯೂ ಪದಗಳು ಹಿಂದುಮುಂದಾಗುತ್ತವೆ. ಇವು ದಡ್ಡತನದ ಗುರುತುಗಳಲ್ಲ, ಕನ್ನಡದ ನಿಯಮವನ್ನು ಹೊಸ ಭಾಷೆಗೂ ಅನ್ವಯಿಸುವ ಬುದ್ಧಿಯ ಕುರುಹುಗಳು. ಮಗು ‘ಯೆಸ್ಟರ್ಡೇ ಟೂ ಇಂಚ್ ರೇನ್ ಕಮ್’ ಎಂದರೆ ಶಿಕ್ಷಕರು ತಡೆದು ಗದರಬಾರದು. ‘ಓ, ಟೂ ಇಂಚಸ್ ಆಫ್ ರೇನ್ ಫೆಲ್ ಯೆಸ್ಟರ್ಡೇ!’ ಎಂದು ಸರಿಯಾದ ರೂಪವನ್ನು ಉತ್ತರವಾಗಿಯೇ ಕಿವಿಗೆ ಹಾಕಬೇಕು. ಹೀಗೆ ಮಾತು ನಿಲ್ಲದೆಯೇ ತಪ್ಪು ತಿದ್ದುತ್ತದೆ.

ಕನ್ನಡ ಆಡಿದ ಮಗುವಿಗೆ ದಂಡ ಹಾಕುವ ರೂಢಿಯನ್ನು ಕೆಲವೆಡೆ ಕೇಳುತ್ತೇವೆ. ಇದರಿಂದ ಇಂಗ್ಲಿಷ್ ಬರುವುದಿಲ್ಲ, ಮೌನ ಬರುತ್ತದೆ. ಮಕ್ಕಳು ಬಲ್ಲ ಭಾಷೆಗಳು ತರಗತಿಯ ಸಂಪತ್ತೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿದೆ. ಕಠಿಣ ಶಬ್ದಕ್ಕೆ ಒಮ್ಮೆ ಕನ್ನಡದ ಅರ್ಥ ಹೇಳಿ ಮುಂದುವರಿಯುವುದು ದೋಷವಲ್ಲ. ಪಾಠವನ್ನೆಲ್ಲ ಕನ್ನಡದಲ್ಲಿಯೇ ಹೇಳಿ ಮುಗಿಸಿದರೆ ಮಾತ್ರ ಕಿವಿಗೆ ಇಂಗ್ಲಿಷ್ ಬೀಳದೆ ಹೋಗುತ್ತದೆ.

ಸದ್ಭಕ್ತರಲ್ಲಿ ನಮ್ಮ ಅರಿಕೆಯಿಷ್ಟೆ. ತಮಗೆ ಇಂಗ್ಲಿಷ್ ಬಾರದಿದ್ದರೂ ಸಂಜೆ ಹತ್ತು ನಿಮಿಷ ಮಗುವಿನ ಬಾಯಿಂದ ಪಾಠದ ಕಥೆಯನ್ನು ಇಂಗ್ಲಿಷಿನಲ್ಲಿ ಕೇಳಿ, ಅನಂತರ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿಸಿಕೊಳ್ಳಿರಿ. ನೆಂಟರೆದುರು ‘ಇಂಗ್ಲಿಷ್ ಮಾತಾಡಿ ತೋರಿಸು’ ಎಂದು ಪೀಡಿಸಬೇಡಿರಿ, ತಪ್ಪಿದಾಗ ನಗಬೇಡಿರಿ. ಸೈನ್ಯದಲ್ಲಿ, ಬ್ಯಾಂಕಿನಲ್ಲಿ, ಶಿಕ್ಷಣ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತರಾದವರು ನಮ್ಮ ಊರುಗಳಲ್ಲಿ ಅನೇಕರಿದ್ದಾರೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವರು ವಾರಕ್ಕೊಮ್ಮೆ ಒಂದು ಗಂಟೆ ಹತ್ತಿರದ ಕನ್ನಡ ಶಾಲೆಗೆ ಹೋಗಿ ಮಕ್ಕಳೊಡನೆ ಮಾತನಾಡಿದರೆ ಸಾಕು, ಪಾಠ ಮಾಡಬೇಕಾಗಿಲ್ಲ. ಈ ಶೈಕ್ಷಣಿಕ ವರ್ಷದಲ್ಲಿಯೇ ಪ್ರತಿ ಊರಿನಿಂದ ಒಬ್ಬರಾದರೂ ಈ ಸೇವೆಗೆ ಮುಂದಾಗಬೇಕೆಂದು ಕೋರುತ್ತೇವೆ.