ಆಸ್ಪತ್ರೆಗೆ ಸಾಫ್ಟ್‌ವೇರ್ ಕೊಳ್ಳುವ ಮುನ್ನ

ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಅವರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಔಷಧಿ ಕೊಡಲಾರಂಭಿಸಿದಾಗ, ಎದುರಿಗೆ ಬಂದ ರೋಗಿಯನ್ನು ನೋಡಿಯೇ ಆರೈಕೆಯನ್ನು ನಿರ್ಧರಿಸಬೇಕಿತ್ತು. ಇಂದು ಇಂತಹ ನಿರ್ಧಾರಕ್ಕೆ ನೆರವಾಗುವ ಸಾಫ್ಟ್‌ವೇರ್‌ಗಳು ಬಂದಿವೆ. ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ಯಾರಿಗೆ ಹೆಚ್ಚಿನ ನಿಗಾ ಬೇಕು, ಯಾವ ಔಷಧಿಗಳನ್ನು ಒಟ್ಟಿಗೆ ಕೊಡಬಾರದು ಎಂದು ಇವು ಸೂಚಿಸುತ್ತವೆ. ಇವು ಉಪಯುಕ್ತವೇ ಸರಿ. ಆದರೆ ಆಯ್ಕೆಯಲ್ಲಿ ಎಡವಿದರೆ ಹಾನಿಯಾಗುವುದು ಬಡವರಿಗೆ.

ಅಮೆರಿಕದ ಒಂದು ಉದಾಹರಣೆ ನೋಡೋಣ. ಅಲ್ಲಿ ವಿಶೇಷ ಆರೈಕೆಗೆ ರೋಗಿಗಳನ್ನು ಆರಿಸಲು ಬಳಸುತ್ತಿದ್ದ ಒಂದು ಸಾಫ್ಟ್‌ವೇರನ್ನು ಜಿಯಾದ್ ಒಬರ್‌ಮೇಯರ್ ಮತ್ತು ಸಂಗಡಿಗರು ಪರೀಕ್ಷಿಸಿ, 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅದು ಕಾಯಿಲೆಯ ತೀವ್ರತೆಯನ್ನು ಚಿಕಿತ್ಸೆಯ ಖರ್ಚಿನಿಂದ ಅಳೆಯುತ್ತಿತ್ತು. ಕಪ್ಪು ಜನಾಂಗದವರಿಗಾಗಿ ಖರ್ಚಾಗುತ್ತಿದ್ದ ಹಣವೇ ಕಡಿಮೆ. ಹೀಗಾಗಿ ಅವರು ಹೆಚ್ಚು ಅಸ್ವಸ್ಥರಾಗಿದ್ದರೂ ಆರೋಗ್ಯವಂತರೆಂದು ಲೆಕ್ಕವಾಗುತ್ತಿದ್ದರು. ಈ ದೋಷ ಸರಿಪಡಿಸಿದರೆ, ಹೆಚ್ಚುವರಿ ಆರೈಕೆಗೆ ಆಯ್ಕೆಯಾಗುವವರಲ್ಲಿ ಅವರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತಿತ್ತು. ಹಣವಿಲ್ಲದೆ ಆಸ್ಪತ್ರೆಗೇ ಬಾರದ ನಮ್ಮೂರಿನ ಮೀನುಗಾರ ಅಥವಾ ಬೀಡಿ ಕಟ್ಟುವ ತಾಯಿಯೂ ಇಂತಹ ಲೆಕ್ಕದಲ್ಲಿ ಆರೋಗ್ಯವಂತರೇ!

ಆದುದರಿಂದ ನಮ್ಮ ಆಸ್ಪತ್ರೆಗಳ ಆಡಳಿತ ಮಂಡಳಿಗಳು ಕೊಳ್ಳುವ ಮುನ್ನ ಈ ಪ್ರಶ್ನೆಗಳನ್ನು ಕೇಳಬೇಕು:

1. ಇದು ಅಳೆಯುವುದು ಕಾಯಿಲೆಯನ್ನೋ, ಖರ್ಚನ್ನೋ?

2. ನಮ್ಮಂತಹ ಆಸ್ಪತ್ರೆಯಲ್ಲಿ, ನಮ್ಮಂತಹ ರೋಗಿಗಳ ಮೇಲೆ ಇದರ ಪರೀಕ್ಷೆ ನಡೆದಿದೆಯೇ? ರಕ್ತದ ಸೋಂಕನ್ನು ಮುಂಚಿತವಾಗಿ ತಿಳಿಸುವ ಒಂದು ಸಾಫ್ಟ್‌ವೇರನ್ನು ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಪರಿಶೀಲಿಸಿದಾಗ, ಅದು ಮೂರರಲ್ಲಿ ಸುಮಾರು ಎರಡು ಪಾಲು ರೋಗಿಗಳನ್ನು ಗುರುತಿಸಲೇ ಇಲ್ಲವೆಂದು 2021ರಲ್ಲಿ ವರದಿಯಾಯಿತು.

3. ದಿನಕ್ಕೆ ಎಷ್ಟು ಎಚ್ಚರಿಕೆಗಳನ್ನು ಕೊಡುತ್ತದೆ? ಅವು ಅತಿಯಾದರೆ ದಾದಿಯರು ಓದದೆಯೇ ಮುಚ್ಚುತ್ತಾರೆ, ಮುಖ್ಯವಾದದ್ದೂ ತಪ್ಪಿಹೋಗುತ್ತದೆ.

4. ರೋಗಿಗಳ ಮಾಹಿತಿ ಎಲ್ಲಿರುತ್ತದೆ? ಒಪ್ಪಂದ ಮುಗಿದ ಮೇಲೆ ಅದು ನಮಗೆ ಮರಳುತ್ತದೆಯೇ? ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ನಮ್ಮ ಸಂಸತ್ತು ಕಾನೂನನ್ನು ಅಂಗೀಕರಿಸಿದೆ.

5. ಸಾಫ್ಟ್‌ವೇರಿನ ಸಲಹೆಯನ್ನು ವೈದ್ಯರು ತಳ್ಳಿಹಾಕಬಹುದೇ?

ಮಾರಾಟಗಾರರ ಮಾತನ್ನಷ್ಟೇ ನಂಬದೆ, ಒಂದೇ ವಾರ್ಡಿನಲ್ಲಿ ಕೆಲವು ತಿಂಗಳು ಬಳಸಿ ನೋಡುವುದು ಲೇಸು. ಆಗ ವೈದ್ಯರ ಜೊತೆ ದಾದಿಯರ ಮತ್ತು ಧರ್ಮಭಗಿನಿಯರ ಅನುಭವವನ್ನೂ ಕೇಳಬೇಕು.

ಸಮಾರಿಯದವನ ಸಾಮತಿಯಲ್ಲಿ ಗಾಯಗೊಂಡವನನ್ನು ಇಬ್ಬರು ಕಂಡೂ ಬದಿಗೆ ಸರಿದು ಹೋದರು. ನಾವು ಹಣ ಕೊಟ್ಟು ತರುವ ಯಂತ್ರ ಮೂರನೆಯವರಾಗಿ ಹಾಗೆ ಸರಿದು ಹೋಗದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.