ಐವತ್ತು ಲಕ್ಸ್ ಬೆಳಕಿನಲ್ಲಿ ಬಿಜಾಪುರ

ಆದಿಲ್‌ಶಾಹಿ ಬಿಜಾಪುರದ ಚಿತ್ರಕಲೆಯ ಪ್ರದರ್ಶನ ಏರ್ಪಡಿಸಬೇಕು ಎಂದುಕೊಳ್ಳಿ. ಮೊದಲ ತೊಡಕೇ ದೊಡ್ಡದು: ಹೆಸರಾಂತ ಚಿತ್ರಗಳು ಇಂದಿನ ವಿಜಯಪುರದಲ್ಲಿಲ್ಲ. ಎರಡನೆಯ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580–1627) ತಂಬೂರ ನುಡಿಸುತ್ತಿರುವ ಚಿತ್ರ ಪ್ರಾಗ್ ನಗರದಲ್ಲಿದೆ. 1570ರ ‘ನುಜೂಮ್ ಅಲ್ ಉಲೂಮ್’ ಸಚಿತ್ರ ಹಸ್ತಪ್ರತಿ ಡಬ್ಲಿನ್‌ನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. 2015ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ದಖ್ಖನಿ ಸುಲ್ತಾನರ ಕಲೆಯ ಪ್ರದರ್ಶನ ಮಾಡಿದಾಗ ಸುಮಾರು 200 ಕೃತಿಗಳನ್ನು ಹಲವು ದೇಶಗಳಿಂದ ಒಟ್ಟುಗೂಡಿಸಬೇಕಾಯಿತು. ಹಳೆಯ ಕಲೆಯ ಪ್ರದರ್ಶನವೆಂದರೆ ಬಹುಪಾಲು ಎರವಲಿನ ವ್ಯವಹಾರ.

ಎರವಲಿನ ಪತ್ರ ವರ್ಷಕ್ಕೂ ಮೊದಲೇ ಹೋಗಬೇಕು. ಕೊಡುವವರು ಹೆಣ್ಣು ಕೊಡುವವರಷ್ಟೇ ಕೂಲಂಕಷವಾಗಿ ವಿಚಾರಿಸುತ್ತಾರೆ. ಕಟ್ಟಡದಲ್ಲಿ ತೇವಾಂಶ ಎಷ್ಟು, ರಾತ್ರಿ ಕಾವಲು ಯಾರದು, ಬೆಂಕಿ ಬಿದ್ದರೆ ನೀರು ಚಿಮ್ಮುತ್ತದೆಯೋ ಅನಿಲವೋ? ಗೋಡೆಯಿಂದ ಇಳಿಸಿದ ಕ್ಷಣದಿಂದ ಮತ್ತೆ ಅದೇ ಗೋಡೆಗೆ ಏರಿಸುವವರೆಗೂ ವಿಮೆ ಇರಬೇಕು. ಭಾರತದಿಂದ ಹೊರಗೆ ಹೋಗುವ ಕೃತಿಯಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅಡ್ಡ ಬರುತ್ತದೆ. ನೂರು ವರ್ಷ ದಾಟಿದ ಕಲಾಕೃತಿ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ತಾತ್ಕಾಲಿಕವಾಗಿ ಗಡಿ ದಾಟಲೂ ಸರ್ಕಾರದ ಅನುಮತಿ ಬೇಕು.

ಪೆಟ್ಟಿಗೆ ಬಂದಿಳಿದ ಕೂಡಲೇ ಮುಚ್ಚಳ ತೆಗೆಯುವಂತಿಲ್ಲ. ಒಳಗಿನ ಹವೆ ಕೋಣೆಯ ಹವೆಗೆ ಹೊಂದಿಕೊಳ್ಳಲು ಸಾಮಾನ್ಯವಾಗಿ ಒಂದು ದಿನ ಬಿಡುತ್ತಾರೆ. ಆಮೇಲೆ ಸಂರಕ್ಷಕರು ಭೂತಗನ್ನಡಿ ಹಿಡಿದು ಕೂರುತ್ತಾರೆ. ಎದ್ದ ಬಣ್ಣದ ಚಕ್ಕೆ, ಹುಳ ತಿಂದ ತೂತು, ಹಳೆಯ ಮಡಿಕೆಯ ಗುರುತು ಎಲ್ಲವೂ ಸ್ಥಿತಿ ವರದಿಗೆ ಹೋಗುತ್ತದೆ. ಮುಂದೆ ಜಗಳವಾದರೆ ಸಾಕ್ಷಿ ಹೇಳುವುದು ಈ ಕಾಗದವೇ.

ನೋಡುಗರು ಅತಿ ಹೆಚ್ಚು ಗೊಣಗುವುದು ಕತ್ತಲೆಯ ಬಗ್ಗೆ. ‘ದುಡ್ಡು ಕೊಟ್ಟು ಬಂದರೂ ಒಂದು ದೀಪ ಹಾಕಿಲ್ಲವಲ್ಲ!’ ಮನೆಯಲ್ಲಿ ರೇಷ್ಮೆ ಸೀರೆಯನ್ನು ನೆರಳಲ್ಲಿ ಒಣಹಾಕುವವರಿಗೆ ಕಾರಣ ತಿಳಿದೇ ಇದೆ. ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುತ್ತದೆ, ಒಮ್ಮೆ ಮಾಸಿದ್ದು ಮರಳುವುದಿಲ್ಲ. ಆದ್ದರಿಂದ ಚಿಕಣಿ ಚಿತ್ರಗಳಿಗೆ, ಬಟ್ಟೆಗಳಿಗೆ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಬೆಳಕು ಸಾಕೆಂಬ ರೂಢಿ ಬಂದಿದೆ. ತೈಲಚಿತ್ರವಾದರೆ 200ರವರೆಗೆ ತಡೆದುಕೊಳ್ಳುತ್ತದೆ. ಲೆಕ್ಕ ಇಡುವುದು ಬೆಳಕಿನ ತೀವ್ರತೆಯನ್ನು ಗಂಟೆಗಳಿಂದ ಗುಣಿಸಿ. 50 ಲಕ್ಸ್‌ನಲ್ಲಿ ದಿನಕ್ಕೆ ಎಂಟು ಗಂಟೆಯಂತೆ 90 ದಿನ ಇಟ್ಟರೆ 36,000 ಲಕ್ಸ್‌-ಗಂಟೆ. ಒಂದು ಲಕ್ಷ ಲಕ್ಸ್ ಮುಟ್ಟುವ ನಡುಹಗಲ ಬಿಸಿಲಲ್ಲಿ ಇಷ್ಟು ಬೆಳಕು ಬೀಳಲು ಇಪ್ಪತ್ತೆರಡು ನಿಮಿಷ ಸಾಕು, ನೇರಳಾತೀತ ಕಿರಣಗಳ ಕಾಟ ಬೇರೆ! ಕಣ್ಣು ಮಬ್ಬಿಗೆ ಒಗ್ಗಲು ಕೆಲವು ನಿಮಿಷ ಬೇಕು. ಹಾಗಾಗಿ ಜಾಣ ವಿನ್ಯಾಸಕರು ಬಾಗಿಲಿಂದ ಒಳಕ್ಕೆ ಹಂತಹಂತವಾಗಿ ಬೆಳಕು ಇಳಿಸುತ್ತಾರೆ. ಇದನ್ನು ಮಾಡದೆ ನೇರವಾಗಿ ಕತ್ತಲೆಗೆ ನೂಕುವ ಪ್ರದರ್ಶನಗಳ ಬಗ್ಗೆ ಮಾತ್ರ ಗೊಣಗಾಟ ನ್ಯಾಯವೇ.

ಇನ್ನು ಚಿತ್ರದ ಪಕ್ಕದ ಫಲಕದ ಬರಹ ಹಲವರ ಕೈಯಲ್ಲಿ ಕೆಡುತ್ತದೆ. ರಾಜವಂಶ, ಇಸವಿ, ಮಾಧ್ಯಮ ಬರೆದು ಮುಗಿಸಿದರೆ ಯಾರೂ ನಿಲ್ಲುವುದಿಲ್ಲ. ಸುಲ್ತಾನನ ಕೈಯಲ್ಲಿರುವ ವಾದ್ಯ ಯಾವುದು, ಅವನ ಸಂಗೀತದ ಹುಚ್ಚು ಎಂಥದ್ದು ಎಂದು ನಾಲ್ಕು ಸಾಲು ಹೇಳಿದರೆ ಮತ್ತೆ ಚಿತ್ರದತ್ತ ಕಣ್ಣು ಹೋಗುತ್ತದೆ.

ಪ್ರದರ್ಶನ ಮುಗಿದ ಮೇಲೆ ಅದೇ ಭೂತಗನ್ನಡಿ, ಅದೇ ವರದಿ. ಪ್ರತಿ ಚಕ್ಕೆಯನ್ನೂ ಮತ್ತೆ ಹೋಲಿಸಿ ಸಹಿ ಹಾಕುತ್ತಾರೆ. ಊರಿಗೆ ಮರಳಿದ ಚಿತ್ರ ಕತ್ತಲ ಪೆಟ್ಟಿಗೆ ಸೇರುತ್ತದೆ, ಬೆಳಕಿನ ಲೆಕ್ಕ ಸರಿತೂಗುವವರೆಗೆ ಕೆಲವು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ.