ಕೊಳ್ಳೇಗಾಲದ ನೆಲಹಲ್ಲಿ

ಹಲ್ಲಿಯೆಂದೊಡನೆ ಮನೆಯ ಗೋಡೆ, ತೊಲೆಗಳ ಮೇಲೆ ಹರಿದಾಡುವ ಪ್ರಾಣಿಯು ಜನರ ಮನಸ್ಸಿಗೆ ಬರುವುದು ಸಹಜವು. ಆದರೆ ಗೋಡೆಯನ್ನು ಹತ್ತದೆ, ಕಾಡಿನ ತರಗೆಲೆಗಳ ನಡುವೆ ನೆಲದ ಮೇಲೆಯೇ ಜೀವಿಸುವ ಹಲ್ಲಿಯ ಜಾತಿಯೊಂದು ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಉಂಟು. ಮದ್ರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಬೆಡ್ಡೋಮ್ ಎಂಬವರು 1870ರಲ್ಲಿ ಇದನ್ನು ಮೊದಲು ವರ್ಣಿಸಿ, ಕೊಳ್ಳೇಗಾಲದ ಹೆಸರನ್ನೇ ಇದಕ್ಕೆ ಇಟ್ಟರು. ಆ ಸೀಮೆಯ ಹೆಸರನ್ನು ಹೊತ್ತಿದ್ದರೂ ಈ ಪ್ರಾಣಿಯನ್ನು ಬಲ್ಲವರು ವಿರಳ.

ಮನೆಹಲ್ಲಿಯ ಬೆರಳುಗಳ ಅಡಿಯಲ್ಲಿ ಅಗಲವಾದ ಮೆತ್ತೆಗಳಿದ್ದು, ಅವುಗಳಲ್ಲಿರುವ ಅತಿಸೂಕ್ಷ್ಮ ರೋಮಗಳ ಬಲದಿಂದ ಅದು ಗೋಡೆಯನ್ನು ಹಿಡಿದುಕೊಳ್ಳುತ್ತದೆ. ನೆಲಹಲ್ಲಿಗೆ ಅಂಥ ಮೆತ್ತೆಗಳಿಲ್ಲ. ಉಗುರುಳ್ಳ ಸಣ್ಣ ಬೆರಳುಗಳು ಮಾತ್ರ ಇವೆ. ಬಾಲವನ್ನು ಬಿಟ್ಟರೆ ದೇಹದ ಉದ್ದವು ಎರಡೂವರೆ ಅಂಗುಲವನ್ನು ಮೀರದು. ಕಂದುಬಣ್ಣದ ಮೈಮೇಲೆ ಕಪ್ಪಾದ ಮಚ್ಚೆಗಳಿರುವುದರಿಂದ ಒಣಗಿದ ಎಲೆಗಳ ಮೇಲೆ ಇದನ್ನು ಗುರುತಿಸುವುದು ಕಷ್ಟ. ಹಗಲಿನಲ್ಲಿ ಕಲ್ಲು, ಎಲೆಗಳ ಕೆಳಗೆ ಅಡಗಿದ್ದು, ರಾತ್ರಿಯಲ್ಲಿ ಹೊರಟು ಸಣ್ಣ ಹುಳುಗಳನ್ನು ಹಿಡಿದು ತಿನ್ನುವುದು. ಬೆಳೆಗೆ ಇದರಿಂದ ಯಾವ ಹಾನಿಯೂ ಇಲ್ಲ.

ಹಲ್ಲಿಯು ವಿಷಜಂತುವೆಂಬ ನಂಬಿಕೆಯು ಹಳ್ಳಿಗಳಲ್ಲಿ ಬಹುಕಾಲದಿಂದ ಇದೆ. ಇದಕ್ಕೆ ಆಧಾರವಿಲ್ಲ. ಭಾರತದ ಯಾವ ಹಲ್ಲಿಗೂ ವಿಷದ ಹಲ್ಲಾಗಲಿ ವಿಷದ ಗ್ರಂಥಿಯಾಗಲಿ ಇಲ್ಲ. ಆದುದರಿಂದ ಮಚ್ಚೆಯುಳ್ಳ ಹಲ್ಲಿಯನ್ನು ಕಂಡಕೂಡಲೇ ಹೊಡೆದು ಕೊಲ್ಲುವುದು ವ್ಯರ್ಥ ಹಿಂಸೆಯೇ ಸರಿ.

ಇದೇ ಗುಂಪಿಗೆ ಸೇರಿದ ಎರಡು ಹೊಸ ಜಾತಿಗಳನ್ನು ಮೈಸೂರು ಪ್ರಸ್ಥಭೂಮಿಯಿಂದ 2016ರಲ್ಲಿ ವರ್ಣಿಸಲಾಯಿತು. ಒಂದೇ ಬಗೆಯಂತೆ ಕಾಣುವ ಹಲ್ಲಿಗಳು ಬೇರೆ ಬೇರೆ ಜಾತಿಗಳಾಗಿ, ಒಂದೊಂದು ಸೀಮಿತವಾದ ಪ್ರದೇಶದಲ್ಲಿಯೇ ಇರಬಹುದೆಂದು ಇದರಿಂದ ತಿಳಿಯುತ್ತದೆ. ಅಂಥ ಜಾತಿಯು ತನ್ನ ನೆಲದಲ್ಲಿ ಅಳಿದರೆ ಬೇರೆಡೆಯಿಂದ ತಂದು ತುಂಬಲು ಸಾಧ್ಯವಿಲ್ಲ. ಈ ಪ್ರಾಣಿಯು ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆಗಳನ್ನು. ಅದರ ಆಶ್ರಯವಾದ ತರಗೆಲೆಗೆ ಬೆಂಕಿ ಬಿದ್ದರೆ ತಾಯಿಯೂ ಮೊಟ್ಟೆಯೂ ಕೂಡಿಯೇ ಸುಟ್ಟುಹೋಗುತ್ತವೆ.

ಆದಕಾರಣ ಕಾಡಿನ ಅಂಚಿನಲ್ಲಿ ಜಮೀನುಳ್ಳವರು ಬದುಗಳ ಮೇಲಿನ ತರಗೆಲೆಗೆ ಬೆಂಕಿಯಿಡುವುದನ್ನು ಬಿಡತಕ್ಕದ್ದು. ಎಲೆಯನ್ನು ಸುಟ್ಟರೆ ಅದರಲ್ಲಿರುವ ಸಾರಜನಕವು ಬಹುಮಟ್ಟಿಗೆ ಗಾಳಿಗೆ ಹೋಗಿ, ಉಳಿಯುವುದು ಬೂದಿ ಮಾತ್ರ. ಅದೇ ಎಲೆಯಲ್ಲಿ ಬೇಕಾದಷ್ಟನ್ನು ಸಗಣಿಯೊಡನೆ ಗುಂಡಿಯಲ್ಲಿ ಕೊಳೆಸಿದರೆ ಒಳ್ಳೆಯ ಗೊಬ್ಬರವಾಗುವುದು. ಮಿಕ್ಕದ್ದನ್ನು ಬದುವಿನ ಮೇಲೆಯೇ ಬಿಟ್ಟರೆ ತೇವವು ನಿಲ್ಲುವುದು, ಹಲ್ಲಿಗೂ ನೆಲೆಯಾಗುವುದು. ಗ್ರಾಮದ ಮುಖಂಡರು ಬೇಸಗೆಗೆ ಮುಂಚೆಯೇ ಈ ವಿಷಯವನ್ನು ರೈತರಿಗೆ ತಿಳಿಯಹೇಳುವುದು ಉಚಿತವು.